ನಾಡಿ ಮೇಸ್ತ್ರಿಯ ರೇಟು

ನನ್ನ ತಮ್ಮ ಕೆಟ್ಟುಹೋದ ಮಷೀನನ್ನು ಸರಿ ಮಾಡುವುದರಲ್ಲಿ ಎಷ್ಟು ಜಾಣನೋ, ಸರಿ ಮಾಡಿದ ಮೇಲೆ ದುಡ್ಡು ಕೇಳುವುದರಲ್ಲಿ ಅಷ್ಟೇ ದಡ್ಡ. ಇದನ್ನು ನಾನು ಅವನ ಎದುರಿಗೇ ಹೇಳಿದ್ದೇನೆ, ಅವನ ಹೆಂಡತಿಯ ಎದುರಿಗೂ ಹೇಳಿದ್ದೇನೆ, ಕೇಳುವ ಕಿವಿ ಸಿಕ್ಕರೆ ಬಸ್ ನಿಲ್ದಾಣದಲ್ಲೂ ಹೇಳಿದ್ದೇನೆ. ಒಡಹುಟ್ಟಿದವರ ಗುಣಗಾನವನ್ನು ಬೇರೆಯವರಿಗೆ ಬಿಟ್ಟುಕೊಡಬಾರದು ಎಂಬುದು ನನ್ನ ನಿಲುವು.

ಅವನದು ಒಂದೇ ಶಟರಿನ ಅಂಗಡಿ. ಬೇಸಿಗೆಯಲ್ಲಿ ಎಸಿ, ಫ್ರಿಜ್ಜು. ಚಳಿಗಾಲದಲ್ಲಿ ಗೀಸರು, ರೂಮ್ ಹೀಟರು. ಮನುಷ್ಯರಿಗೆ ಒಂದೋ ಸೆಕೆ, ಇಲ್ಲವೇ ಚಳಿ. ಇದ್ದದ್ದು ಇದ್ದಹಾಗೇ ಸಾಕು ಎನ್ನುವವರನ್ನು ನಾನಂತೂ ಕಂಡಿಲ್ಲ. ಅಂದಮೇಲೆ ಈ ವ್ಯಾಪಾರದಲ್ಲಿ ಬಂಗಾರ ಬೆಳೆಯಬೇಕಿತ್ತು. ಬೆಳೆಯಲಿಲ್ಲ, ಯಾಕೆಂದರೆ ನಮ್ಮವನು ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಮನೆಯವರು "ಎಷ್ಟಾಯ್ತು?" ಎಂದ ಕೂಡಲೇ ಗೋಡೆ ಕಡೆ ತಿರುಗಿ "ನೀವೇ ನೋಡಿ ಕೊಡಿ" ಎನ್ನುತ್ತಿದ್ದ.

ಜನ ನೋಡುತ್ತಿದ್ದರು. ನೋಡುವುದರಲ್ಲಿ ಯಾರೂ ಕಡಿಮೆ ಮಾಡಲಿಲ್ಲ. ಒಬ್ಬರು ನೋಡಿ ಅರ್ಧ ಕೊಟ್ಟರು, ಇನ್ನೊಬ್ಬರು ನೋಡಿ ಮುಂದಿನ ವಾರ ಬಾ ಎಂದರು. ಮತ್ತೊಬ್ಬರು ಅವನು ಆಗಷ್ಟೇ ರಿಪೇರಿ ಮಾಡಿದ ಫ್ರಿಜ್ಜಿನಿಂದಲೇ ಒಂದು ಲೋಟ ತಣ್ಣೀರು ಕೊಟ್ಟು ಕಳಿಸಿದರು. ಇವನು ಅದನ್ನು ಕುಡಿದು, "ಒಳ್ಳೇ ಜನ ಅಕ್ಕಾ" ಎನ್ನುತ್ತಾ ಮನೆಗೆ ಬಂದ. ಊರಿನಲ್ಲಿ ಅವನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ನೀವೇ ನೋಡಿ ಕೊಡಿ ಮೇಸ್ತ್ರಿ' ಎಂದರೆ ಮಕ್ಕಳೂ ಅಂಗಡಿ ತೋರಿಸುತ್ತಿದ್ದರು.

ನಾನು ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ನೆಂಟರು ಹತ್ತಿದರೂ ಹರಿದೆ, ಡಿಪೋ ಮ್ಯಾನೇಜರರ ಅತ್ತೆ ಹತ್ತಿದರೂ ಹರಿದೆ. ಒಬ್ಬರಿಗೂ ನೀವೇ ನೋಡಿ ಕೊಡಿ ಎಂದವಳಲ್ಲ. ಎಂದಿದ್ದರೆ ಆ ಬಸ್ಸು ಡಿಪೋದ ಗೇಟು ದಾಟುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಫೋನ್ ಎತ್ತಲು ಅಂಗಡಿಯಲ್ಲಿ ಕೂತೆ. ಮದುವೆಗೆ ಪುರುಸೊತ್ತು ಸಿಕ್ಕದ ನನಗೆ ಇದ್ದವನು ಇವನೊಬ್ಬ. ಹೀಗೆ ಕೂತು ನೋಡಿದಾಗ ನನಗೆ ಒಂದು ಸತ್ಯ ಗೊತ್ತಾಯಿತು. ಅಂಗಡಿ ನಡೆಯುತ್ತಿರಲಿಲ್ಲ, ತೆವಳುತ್ತಿತ್ತು.

ಅದೇ ಹೊತ್ತಿಗೆ, ನಾನು ತಮ್ಮನ ಮನೆಯಲ್ಲಿದ್ದಾಗ, ಷೋರೂಮ್ ಭಾವ ಬಂದರು. ಇವರು ನನ್ನ ತಮ್ಮನ ಹೆಂಡತಿಯ ಅಣ್ಣ. ಎದುರು ರಸ್ತೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಷೋರೂಮು ಇಟ್ಟಿದ್ದಾರೆ. ಮಾತಾಡುವಾಗ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಳ್ಳುತ್ತಾರೆ, ಯಾರಾದರೂ ಕದ್ದುಕೊಂಡು ಹೋದಾರು ಎಂಬ ಹಾಗೆ.

"ತಿಂಗಳ ಕೊನೆಗೆ ನಿನ್ನ ಅಂಗಡಿ ಕರಾರು ಮುಗಿಯುತ್ತಂತೆ. ಓನರು ಬಾಡಿಗೆ ಏರಿಸ್ತಾನಂತೆ" ಎಂದರು. "ಯಾಕಪ್ಪಾ ಒದ್ದಾಡ್ತೀಯಾ? ಶಟರ್ ಎಳೆದುಬಿಡು. ನನ್ನ ಷೋರೂಮಿಗೆ ಬಾ. ಸಂಬಳ ಕೊಡ್ತೀನಿ, ಷರ್ಟು ಕೊಡ್ತೀನಿ, ಟೋಪೀನೂ ನಾನೇ ಹಾಕ್ತೀನಿ."

"ಅದರಲ್ಲಿ ನಮಗೆ ಸಂಶಯ ಇಲ್ಲ" ಎಂದೆ ನಾನು.

ಭಾವ ನನ್ನ ಮಾತನ್ನು ಹೊಗಳಿಕೆ ಎಂದುಕೊಂಡು ಒಂದು ಪೊಟ್ಟಣ ಇಟ್ಟು ಹೋದರು. ಬಿಚ್ಚಿದರೆ ಒಳಗೆ ನೀಲಿ ಷರ್ಟು, ನೀಲಿ ಟೋಪಿ. ಷರ್ಟಿನ ಜೇಬಿನ ಮೇಲೆ 'ಸಹಾಯಕ' ಎಂದು ಹೊಲಿದಿತ್ತು. ನನ್ನ ತಮ್ಮ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದಳು.

"ಅಣ್ಣನ ಮಾತು ತೆಗೆದುಹಾಕೋಕೆ ಆಗಲ್ಲ ಅಕ್ಕಾ. ಆದ್ರೆ ಇವರನ್ನ ಈ ಟೋಪಿಲಿ ನೋಡೋಕೂ ಆಗಲ್ಲ" ಎಂದು ಕಣ್ಣೊರೆಸಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಊರಿನ ಅರ್ಧ ಮನೆಗಳನ್ನು ತಂಪು ಮಾಡಿದ ಕೈ ಇವನದು. ಈ ಕೈ ಯಾರದೋ ಗಾಜಿನ ಬಾಗಿಲು ತಳ್ಳಬೇಕೇ? "ತೆಗೆಯೋ ಅದನ್ನ" ಎಂದೆ. "ತಿಂಗಳ ಕೊನೇ ತನಕ ಟೈಮಿದೆ. ರೇಟು ಹಾಕೋದು ಹೇಗೆ ಅಂತ ನಾನು ಕಲಿಸ್ತೀನಿ."

ಪಾಠ ಆ ಸಂಜೆಯೇ ಶುರುವಾಯಿತು. ಒಂದು ಎಸಿಗೆ ಗ್ಯಾಸ್ ತುಂಬಿದರೆ ಎಷ್ಟು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ಗ್ಯಾಸಿನ ದುಡ್ಡು, ಮೇಲೆ ಸ್ವಲ್ಪ ಎಂದ. ಆ ಸ್ವಲ್ಪ ಯಾವುದಕ್ಕೆ ಎಂದು ಕೇಳಿದರೆ ತಲೆ ಕೆರೆದುಕೊಂಡ.

"ಕೈ ಚಾಚು" ಎಂದೆ. ಎಡಗೈ ಚಾಚಿದ. ಒಂದೊಂದೇ ಬೆರಳು ಮಡಿಸಿದೆ. "ಇದು ಸಾಮಾನು. ಇದು ಓಡಾಟ. ಇದು ಅಂಗಡಿ ಬಾಡಿಗೆ. ಇದು ಏಣಿ, ಪಂಪು, ಸ್ಪ್ಯಾನರು ಸವೆಯೋದು. ಇದು ಅವರು ಮತ್ತೆ ಕರೆದ್ರೆ ಮತ್ತೆ ಹೋಗಿ ನೋಡೋದು."

"ಮತ್ತೆ ಹೋಗೋದಕ್ಕೆ ಈಗ್ಲೇ ಯಾಕೆ ತಗೋಬೇಕು ಅಕ್ಕಾ?"

"ಆಗ ಕೇಳೋ ಧೈರ್ಯ ನಿನಗಿದೆಯಾ?"

ಇಲ್ಲ ಎಂದು ಒಪ್ಪಿಕೊಂಡ. ಬಲಗೈ ಹಿಡಿದೆ. "ಹೆಬ್ಬೆರಳು ನಿನ್ನ ಕೂಲಿ. ತೋರುಬೆರಳು ಲಾಭ."

"ಕೂಲಿನೇ ಲಾಭ ಅಲ್ವಾ?"

ಇಷ್ಟು ವರ್ಷ ಅಂಗಡಿ ಯಾಕೆ ತೆವಳಿತು ಎಂಬುದಕ್ಕೆ ಉತ್ತರ ಆ ಒಂದು ಪ್ರಶ್ನೆಯಲ್ಲೇ ಇತ್ತು. "ಅಲ್ಲ ಕಣೋ! ಕೂಲಿ ನಿನ್ನ ಹೊಟ್ಟೆಗೆ, ಲಾಭ ಅಂಗಡಿ ಹೊಟ್ಟೆಗೆ. ಸೆಕೇನೂ ಇಲ್ಲ ಚಳೀನೂ ಇಲ್ಲ, ಅಂಥ ತಿಂಗಳು ಬರುತ್ತಲ್ಲ, ಒಂದು ಫೋನೂ ಬರಲ್ಲ. ಆಗ ಅಂಗಡಿ ಏನು ತಿನ್ನಬೇಕು? ಸಂಜೆ ತುಂಬಿಕೊಂಡು ಹೋದ ಬಸ್ಸು ವಾಪಸ್ ಖಾಲಿ ಬರುತ್ತೆ. ಆ ಖಾಲಿ ಬಸ್ಸಿನ ಡೀಸೆಲ್ಲು ಎಲ್ಲಿಂದ ಬರುತ್ತೆ ಅಂದ್ಕೊಂಡೆ? ತುಂಬಿದ ಬಸ್ಸಿನ ಟಿಕೆಟ್ಟಿಂದ."

ಅವನ ಮುಖದಲ್ಲಿ ಬೆಳಕು ಬಂತು. ನಾನು ಕಟ್ಟುನಿಟ್ಟಾಗಿ ಹೇಳಿದೆ: ಏಳು ಬೆರಳೂ ಮುಗಿಯುವ ತನಕ ಬಾಯಿಗೆ ಬೀಗ. ಮುಗಿದ ಮೇಲೆ ಒಂದೇ ಸಲ ರೇಟು ಹೇಳಬೇಕು, ಹೇಳಿದ ಮೇಲೆ ಮತ್ತೆ ಬೀಗ. ಅವನು ಒಪ್ಪಿದ. ಒಂದೇ ಒಂದು ತೊಡಕು ಉಳಿಯಿತು. ಮನೆಯವರ ಮುಖ ಕಣ್ಣಿಗೆ ಬಿದ್ದರೆ ಅವನಿಗೆ ಕರುಣೆ ಉಕ್ಕಿ ಲೆಕ್ಕ ತಪ್ಪುತ್ತದೆ. "ಹಾಗಾದ್ರೆ ಕಣ್ಣು ಮುಚ್ಚಿಕೊಂಡು ಲೆಕ್ಕ ಕೂಡು" ಎಂದೆ. ಮುಂದೆ ನಡೆದ ಸಕಲ ರಾದ್ಧಾಂತಕ್ಕೂ ಈ ಮಾತೇ ಬೀಜ.

ಮೊದಲ ಪರೀಕ್ಷೆ ವಕೀಲಮ್ಮನ ಮನೆಯಲ್ಲಿ. ಕೋರ್ಟಿನಲ್ಲಿ ಅವರು ಬಾಯಿ ತೆರೆದರೆ ಎದುರಿನವರು ರಾಜಿಗೆ ಬರುತ್ತಾರೆ ಎಂದು ಪ್ರತೀತಿ. ತಮ್ಮನನ್ನು ಒಬ್ಬನೇ ಕಳಿಸಲು ಧೈರ್ಯವಾಗದೆ ಸಾಮಾನಿನ ಚೀಲ ಹಿಡಿದು ನಾನೂ ಹೋದೆ. ಎಸಿ ತಂಪು ಕೊಡುತ್ತಿರಲಿಲ್ಲ. ಇವನು ಏಣಿ ಹತ್ತಿ, ಬಿಚ್ಚಿ, ನೋಡಿ, ಎಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಕಂಡುಹಿಡಿದ. ಅಷ್ಟು ಹೊತ್ತೂ ವಕೀಲಮ್ಮ ಕೆಳಗೆ ಕೈಕಟ್ಟಿ ನಿಂತಿದ್ದರು.

"ಎಷ್ಟಾಗುತ್ತೆ?"

ತಮ್ಮನ ತುಟಿ 'ನೀ' ಎಂಬ ಆಕಾರಕ್ಕೆ ಬಂತು. ನಾನು ಕೆಮ್ಮಿದೆ. ಅವನು ಫಕ್ಕನೆ ಕಣ್ಣು ಮುಚ್ಚಿದ. ಏಣಿಯ ಮೇಲೆ ಕಣ್ಣು ಮುಚ್ಚಿದರೆ ಬೀಳುವುದಿಲ್ಲವೇ? ಅದಕ್ಕೆ ಬಲಗೈಯನ್ನು ಮಷೀನಿನ ಮೇಲೆ ಊರಿಕೊಂಡ. ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಿಸತೊಡಗಿದ. ತುಟಿ ಸದ್ದಿಲ್ಲದೆ ಅಲುಗಿತು. ಐದು ಬೆರಳು ಮುಗಿದ ಮೇಲೆ ಬಲಗೈಯ ಹೆಬ್ಬೆರಳಿನಿಂದ ಮಷೀನಿನ ಮೇಲೆ ಒಂದು ಸಲ, ತೋರುಬೆರಳಿನಿಂದ ಒಂದು ಸಲ ಮೆಲ್ಲಗೆ ತಟ್ಟಿದ. ಕೂಡಿದ್ದು ಸರಿಯೋ ತಪ್ಪೋ ಎಂದು ಸಂಶಯ ಬಂದು ಮುಖ ಕಿವುಚಿ ಮತ್ತೆ ಮೊದಲಿನಿಂದ ಶುರುಮಾಡಿದ.

ವಕೀಲಮ್ಮನ ಕೈಕಟ್ಟು ಸಡಿಲವಾಯಿತು. ನನ್ನ ಹತ್ತಿರ ಸರಿದು ಪಿಸುಗುಟ್ಟಿದರು. "ಇವರೇನು ಮಾಡ್ತಿದಾರೆ?"

"ನೋಡ್ತಿದಾನೆ" ಎಂದೆ. ಲೆಕ್ಕ ನೋಡುತ್ತಿದ್ದಾನೆ ಎಂಬ ಅರ್ಥದಲ್ಲೇ ಹೇಳಿದ್ದು.

"ನಾಡಿನಾ?"

ನಾನು ಉತ್ತರ ಕೊಡುವ ಮೊದಲೇ ಅವರು ಏಣಿಯ ಬುಡಕ್ಕೆ ಹೋದರು. "ಬದುಕುತ್ತಾ? ಇದ್ದದ್ದು ಇದ್ದಹಾಗೆ ಹೇಳಿ, ನಾನು ತಡ್ಕೋತೀನಿ. ರಾತ್ರಿ ಟಕ್ ಟಕ್ ಅಂತಿತ್ತು, ನಾನೇ ಅಲಕ್ಷ್ಯ ಮಾಡ್ದೆ."

ತಮ್ಮ ಕಣ್ಣು ಬಿಟ್ಟ. ಬಿಟ್ಟವನೇ ರೇಟು ಹೇಳಿದ. ಅವನ ಜನ್ಮದಲ್ಲಿ ಅಷ್ಟು ದೊಡ್ಡ ಅಂಕಿ ಅವನ ಬಾಯಿಂದ ಹೊರಟದ್ದು ಅದೇ ಮೊದಲು. ಹೇಳಿ ತಾನೇ ಬೆಚ್ಚಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಷ್ಟೇನಾ?" ಎಂದು ವಕೀಲಮ್ಮ ಎದೆ ನೀವಿಕೊಂಡರು. "ಅಬ್ಬಾ! ನಾನು ಹೊಸದೇ ತಗೋಬೇಕೇನೋ ಅಂದ್ಕೊಂಡಿದ್ದೆ."

ತಮ್ಮ ಚೀಲ ಹೆಗಲಿಗೇರಿಸಿ ಬೀದಿಗಿಳಿದ. ಅಂಗಡಿಗೆ ಬರುವ ತನಕ ಯಾರೋ ಹಿಂದಿನಿಂದ ಕರೆಯುತ್ತಾರೆ ಎಂದು ತಿರುತಿರುಗಿ ನೋಡಿದ. ಯಾರೂ ಕರೆಯಲಿಲ್ಲ. ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು.

ವಕೀಲಮ್ಮ ವಾದ ಮಾಡಿ ಅಭ್ಯಾಸವಿದ್ದವರು. ಮರುದಿನಕ್ಕೆ ಇಡೀ ಬಡಾವಣೆಗೆ ಸುದ್ದಿ ಮುಟ್ಟಿತು. ಮಷೀನಿನ ಮೇಲೆ ಕೈ ಇಟ್ಟರೆ ಸಾಕಂತೆ, ಕಂಪ್ರೆಸರು ತನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತದಂತೆ. ವಾರದೊಳಗೆ 'ನೀವೇ ನೋಡಿ ಕೊಡಿ ಮೇಸ್ತ್ರಿ' ಹೋಗಿ 'ನಾಡಿ ಮೇಸ್ತ್ರಿ' ಬಂದ. ಹೋದಲ್ಲೆಲ್ಲ ಮನೆಮಂದಿ ಸಾಲಾಗಿ ನಿಂತು ಉಸಿರು ಬಿಗಿಹಿಡಿದು ನೋಡತೊಡಗಿದರು. ಟಿವಿ ಆರಿಸಿದರು, ಅಳುವ ಮಗುವನ್ನು ಹೊರಗೆ ಎತ್ತಿಕೊಂಡು ಹೋದರು.

"ಅಕ್ಕಾ, ನಾನು ಕೂಡ್ತಾ ಇದೀನಿ ಅಂತ ಹೇಳಿಬಿಡ್ಲಾ? ಜನ ಏನೇನೋ ತಿಳ್ಕೋತಿದಾರೆ" ಎಂದು ಅವನು ಒದ್ದಾಡಿದ.

"ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಕೇಳಿದಾಗ ಹೇಳು."

ಈ ಕೀರ್ತಿಗೆ ಮೊದಲು ಮುನಿಸಿಕೊಂಡವರು ನನ್ನ ಪಕ್ಕದ ಮನೆಯ ತೆರಿಗೆ ಸಾಹೇಬರು. ತೆರಿಗೆ ಇಲಾಖೆಯಲ್ಲಿ ನಿವೃತ್ತರಾದವರು. ಬೀದಿಯಲ್ಲಿ ಯಾರ ಮನೆಗೆ ಏನು ಬಂತು, ಏನು ಹೋಯಿತು ಎಂಬುದರ ಮೇಲೆ ಇವತ್ತಿಗೂ ಕಣ್ಣಿಟ್ಟಿದ್ದಾರೆ. ಅವರ ಎಸಿಗೆ ಏನೂ ಆಗಿರಲಿಲ್ಲ, ಫಿಲ್ಟರಿನಲ್ಲಿ ಧೂಳು ತುಂಬಿತ್ತು. ತೊಳೆದು ಹಾಕಿದರೆ ಮುಗಿಯಿತು. ಲೆಕ್ಕ ಸಣ್ಣದಾದ್ದರಿಂದ ತಮ್ಮ ಕಣ್ಣು ಮುಚ್ಚಿದವನು ತಕ್ಷಣ ಬಿಟ್ಟು ರೇಟು ಹೇಳಿದ.

ಸಾಹೇಬರ ಮುಖ ಗಂಟಾಯಿತು. "ಇಷ್ಟೇನಾ?"

"ಇಷ್ಟೇ ಸಾರ್. ಜಾಸ್ತಿ ಆಯ್ತಾ?"

"ರೇಟಿನ ವಿಷಯ ಅಲ್ಲ ಕಣಯ್ಯಾ. ವಕೀಲಮ್ಮನ ಮಷೀನಿಗೆ ಅಷ್ಟು ಹೊತ್ತು ಕಣ್ಣು ಮುಚ್ಚಿದ್ಯಂತೆ. ನಮ್ಮದನ್ನ ಮುಟ್ಟಿದ ಶಾಸ್ತ್ರ ಮಾಡಿ ಬಿಟ್ಟೆ. ನಮ್ಮದು ಯಾವುದರಲ್ಲಿ ಕಡಿಮೆ? ಅವರದಕ್ಕಿಂತ ದೊಡ್ಡ ಮಷೀನು ಇದು!"

"ಸಾರ್, ಇದಕ್ಕೆ ಏನೂ ಆಗಿಲ್ಲ."

"ಆಗಿಲ್ಲ ಅಂತ ನೀನು ಹೇಗೆ ಹೇಳ್ತೀಯಾ? ಸರಿಯಾಗಿ ನೋಡು!"

ಹಿರಿಯರ ಮಾತು ಎಂದು ತಮ್ಮ ಮತ್ತೆ ಕೈ ಇಟ್ಟು ಕಣ್ಣು ಮುಚ್ಚಿದ. ಎರಡನೆಯ ಸಲ ಕೂಡುವಾಗ ಏಣಿಯ ಸವೆತವನ್ನು, ಮತ್ತೆ ಬಂದು ನೋಡುವುದನ್ನು ಮರೆತದ್ದು ಅವನಿಗೆ ಹೊಳೆಯಿತು. ಕಣ್ಣು ಬಿಟ್ಟು, "ತಪ್ಪಾಯ್ತು ಸಾರ್. ಇನ್ನೂ ಸ್ವಲ್ಪ ಜಾಸ್ತಿ ಆಗುತ್ತೆ" ಎಂದ.

"ನಾನು ಹೇಳಲಿಲ್ವಾ!" ಎಂದು ಸಾಹೇಬರು ತೊಡೆ ತಟ್ಟಿ, ಗೆದ್ದ ಸಂಭ್ರಮದಲ್ಲಿ ಒಳಗಿದ್ದ ಹೆಂಡತಿಯನ್ನು ಕೂಗಿದರು. "ಏನೂ ಇಲ್ಲ ಅಂತಿದ್ದ! ಇದೆ!" ಅಂದು ಸಂಜೆ ಅವರು ಬೀದಿಯ ಈ ತುದಿಯಿಂದ ಆ ತುದಿಯ ತನಕ ನಡೆದು ತಮ್ಮ ಮನೆಯ ಮಷೀನಿನ ನಾಡಿಯನ್ನು ಎರಡು ಸಲ ನೋಡಬೇಕಾಯಿತು ಎಂದು ಹೇಳಿ ಬಂದರು.

ಷೋರೂಮ್ ಭಾವನಿಗೂ ಸುದ್ದಿ ಮುಟ್ಟಿತು. ಷೋರೂಮಿನ ಕೆಲಸದವರಿಗೆಲ್ಲ ಇನ್ನು ಮೇಲೆ ಕಣ್ಣು ಮುಚ್ಚಿಯೇ ರಿಪೇರಿ ಮಾಡತಕ್ಕದ್ದು ಎಂದು ಹುಕುಂ ಹೊರಡಿಸಿದರು. ಒಬ್ಬ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ಹೀಗೆ ಕಣ್ಣು ಮುಚ್ಚಿ ನಿಂತವನು ತಣ್ಣನೆ ಗಾಳಿಗೆ ಅಲ್ಲೇ ನಿದ್ದೆ ಹೋದನಂತೆ. ಭಾವ ಹುಕುಂ ಹಿಂದಕ್ಕೆ ತೆಗೆದುಕೊಂಡರು. ಹೊಟ್ಟೆಕಿಚ್ಚನ್ನು ಮಾತ್ರ ಉಳಿಸಿಕೊಂಡರು.

ಇಷ್ಟಾದರೂ ಅಂಗಡಿಯ ತಲೆ ಮೇಲಿನ ಕತ್ತಿ ಹೋಗಿರಲಿಲ್ಲ. ಬಿಡಿ ಕೆಲಸಗಳಿಂದ ಹಳೆಯ ಬಾಡಿಗೆಗೆ ಸಾಕಾಗುತ್ತಿತ್ತು, ಏರಿಸಿದ ಬಾಡಿಗೆಗೆ ಸಾಲುತ್ತಿರಲಿಲ್ಲ. ವರ್ಷವಿಡೀ ಕೈಹಿಡಿಯುವಂಥ ಒಂದು ದೊಡ್ಡ ಕೆಲಸ ಬೇಕಿತ್ತು. ತಿಂಗಳು ಮುಗಿಯುತ್ತಾ ಬಂತು, ನೀಲಿ ಷರ್ಟು ಗೂಟಕ್ಕೆ ನೇತಾಡುತ್ತಲೇ ಇತ್ತು. ಆಗ ಪುರಸಭೆಯಿಂದ ಕರೆ ಬಂತು. ಕಚೇರಿಯ ಎಸಿಗಳು, ಅತಿಥಿಗೃಹದ ಗೀಸರುಗಳು, ಎಲ್ಲದರ ವರ್ಷದ ನಿಗಾ. ಇಬ್ಬರನ್ನು ಕರೆದಿದ್ದರು. ಒಬ್ಬ ನನ್ನ ತಮ್ಮ, ಇನ್ನೊಬ್ಬರು ಭಾವ.

ನಾನೂ ಹೊರಟೆ. ಬಾಗಿಲಲ್ಲಿ ಜವಾನ ತಡೆದು "ನೀವ್ಯಾರು?" ಎಂದ. "ಅಂಗಡಿಯ ಲೆಕ್ಕಪತ್ರ ವಿಭಾಗ" ಎಂದೆ. ಬಸ್ಸಿನಲ್ಲಿ ಕಲಿತ ದನಿಯಲ್ಲಿ ಹೇಳಿದ್ದರಿಂದ ಅವನು ಸರಿದು ನಿಂತ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನಾಚೆ ಮೂವರು. ನಡುವೆ ಮುಖ್ಯಾಧಿಕಾರಿ ಮೇಡಂ, ಒಂದು ಕಡೆ ಲೆಕ್ಕಾಧಿಕಾರಿ, ಇನ್ನೊಂದು ಕಡೆ ಇಂಜಿನಿಯರು. ಗೋಡೆಗೆ ನಿಂತಿದ್ದ ಆಳೆತ್ತರದ ಎಸಿ ಒಂದೇ ಸಮನೆ ಗುರುಗುಡುತ್ತಿತ್ತು, ಗಾಳಿ ಮಾತ್ರ ಬಿಸಿ. ಭಾವ ಮೊದಲೇ ಬಂದು ರೇಟು ಹೇಳಿ ಆಗಿತ್ತು. ಅಷ್ಟು ಕಡಿಮೆಗೆ ಸಾಮಾನೂ ಬರುವುದಿಲ್ಲ.

"ನಿಮ್ಮ ರೇಟು ಹೇಳಿ" ಎಂದು ತಮ್ಮನತ್ತ ತಿರುಗಿದ ಮೇಡಂ ತಾವೇ ನಾಲಿಗೆ ಕಚ್ಚಿಕೊಂಡರು. "ಕ್ಷಮಿಸಿ, ಮೊದಲು ನಾಡಿ ನೋಡಿ."

ತಮ್ಮ ಎದ್ದುಹೋಗಿ ಎಸಿಯ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚಿದ. ಹಿಂದಿನ ದಿನ ಬಂದು ಎಲ್ಲ ಮಷೀನುಗಳನ್ನೂ ಬಿಚ್ಚಿ ನೋಡಿ ಹೋಗಿದ್ದವನಿಗೆ ಈಗ ಉಳಿದಿದ್ದದ್ದು ಕೂಡುವುದು ಮಾತ್ರ. ಆದರೆ ಅದೆಷ್ಟು ಎಸಿ, ಅದೆಷ್ಟು ಗೀಸರು, ಒಂದೊಂದಕ್ಕೂ ಏಳೇಳು ಬೆರಳು! ಗಡಿಯಾರದ ಮುಳ್ಳು ಸರಿಯಿತು. ತಮ್ಮನ ಹುಬ್ಬು ಗಂಟಿಕ್ಕಿತು.

ಮೊದಲು ತಡೆಯಲಾಗದೆ ಹೋದದ್ದು ಇಂಜಿನಿಯರಿಗೆ. "ಮೇಡಂ, ಹೇಗಿದ್ರೂ ಅವರಿಗೆ ಗೊತ್ತಾಗುತ್ತೆ, ನಾನೇ ಹೇಳಿಬಿಡ್ತೀನಿ. ಫಿಲ್ಟರುಗಳನ್ನ ತೊಳೆದೇ ಇಲ್ಲ. ಬಂದಾಗಿಂದ."

ತಮ್ಮನ ಕಿವಿಗೆ ಇದು ಬಿತ್ತು. ತೊಳೆದರೆ ಸಾಕು ಎಂದುಕೊಂಡಿದ್ದ; ಬಂದಾಗಿಂದ ತೊಳೆದೇ ಇಲ್ಲವೆಂದರೆ ಎಲ್ಲ ಫಿಲ್ಟರೂ ಹೊಸದು ಬೇಕು. ಮಡಿಸಿದ ಬೆರಳುಗಳನ್ನೆಲ್ಲ ಬಿಡಿಸಿ ಮೊದಲಿನಿಂದ ಶುರುಮಾಡಿದ. ಅವನು ಬೆರಳು ಬಿಡಿಸಿದ್ದನ್ನು ಕಂಡು ಲೆಕ್ಕಾಧಿಕಾರಿ ಬೆವತರು.

"ನಾನು... ನನ್ನ ಮೇಜಿನ ಕಡೆ ಗಾಳಿ ಬರಲಿ ಅಂತ ಎಸಿಯ ರೆಕ್ಕೆಗೆ ಸ್ಕೇಲು ಸಿಕ್ಕಿಸಿದ್ದೆ. ಅದು ಕಣ್ಣಿಗೆ ಕಾಣದಷ್ಟು ಒಳಗೆ ಬಿದ್ದಿದೆ."

ತಮ್ಮ ಮತ್ತೆ ಬೆರಳು ಬಿಡಿಸಿದ.

"ನನ್ನ ಕೋಣೆಯ ಎಸಿ ರಜಾ ದಿನವೂ ಓಡುತ್ತೆ" ಎಂದರು ಮೇಡಂ ಮೆಲ್ಲಗೆ. "ಅಲ್ಲೊಂದು ಹೂವಿನ ಕುಂಡ ಇದೆ. ಅದಕ್ಕೆ ಸೆಕೆ ತಡೆಯೋಕಾಗಲ್ಲ."

ಬಾಗಿಲಲ್ಲಿದ್ದ ಜವಾನ ಒಳಗೆ ಬಂದು ಕೈಮುಗಿದ. "ಎಸಿಯ ಹೊರಗಿನ ಪೆಟ್ಟಿಗೆ ಮೇಲೆ ನಾನು ಬಟ್ಟೆ ಒಣಗಿ ಹಾಕ್ತೀನಿ ಸ್ವಾಮಿ. ಬಿಸಿಗಾಳಿಗೆ ಬೇಗ ಒಣಗುತ್ತೆ. ನಮ್ಮ ಮನೆಯವರದಷ್ಟೇ ಅಲ್ಲ, ಪಕ್ಕದ ಮನೆಯವರದೂ."

ಈಗ ಎಲ್ಲರ ಕಣ್ಣೂ ಭಾವನ ಮೇಲೆ ಬಿತ್ತು. ಉಳಿದವರು ಅವರೊಬ್ಬರೇ. ಭಾವ ಹೊಟ್ಟೆಯ ಮೇಲಿನ ಕೈ ತೆಗೆದು ಹಣೆ ಒರೆಸಿಕೊಂಡರು. "ನನ್ನನ್ಯಾಕೆ ನೋಡ್ತೀರಾ? ನನ್ನ ರೇಟಲ್ಲಿ ಏನೂ ಮೋಸ ಇಲ್ಲ. ಗ್ಯಾಸು ಸೇರಿಲ್ಲ ಅಷ್ಟೇ. ಪೈಪು ಸೇರಿಲ್ಲ. ಮತ್ತೆ ಕರೆದ್ರೆ ಬರೋದು ಬೇರೆ ಬಿಲ್ಲು. ಅದು ವ್ಯಾಪಾರದಲ್ಲಿ ಇದ್ದದ್ದೇ."

ಲೆಕ್ಕಾಧಿಕಾರಿ ಕನ್ನಡಕ ಸರಿಮಾಡಿಕೊಂಡರು. ಅಷ್ಟರಲ್ಲಿ ತಮ್ಮನ ಹೆಬ್ಬೆರಳು ಎಸಿಯ ಮೇಲೆ ಟಪ್ ಎಂದಿತು. ಕೂಲಿ. ತೋರುಬೆರಳು ಟಪ್ ಎಂದಿತು. ಲಾಭ. ಅವನು ಕಣ್ಣು ಬಿಟ್ಟು ರೇಟು ಹೇಳಿದ. ಅದು ಭಾವನ ರೇಟಿನ ಒಂದೂವರೆ ಪಟ್ಟಿತ್ತು.

ಮೇಡಂ ಮುಂದಕ್ಕೆ ಬಾಗಿ ಕುತೂಹಲದಿಂದ ಕೇಳಿದರು. "ಮಷೀನು ಏನಂತು?"

ಕೇಳಿದಾಗ ಹೇಳು ಎಂದಿದ್ದವಳು ನಾನೇ. ತಮ್ಮ ನನ್ನತ್ತ ನೋಡಲಿಲ್ಲ.

"ಏನೂ ಅನ್ನಲಿಲ್ಲ ಮೇಡಂ. ಮಷೀನು ಮಾತಾಡಲ್ಲ. ಅದಕ್ಕೆ ಏನಾಗಿದೆ ಅಂತ ನಿನ್ನೆನೇ ಬಿಚ್ಚಿ ನೋಡಿದೀನಿ. ಈಗ ಕಣ್ಣು ಮುಚ್ಚಿ ದುಡ್ಡು ಕೂಡ್ತಾ ಇದ್ದೆ. ನನಗೆ ಲೆಕ್ಕ ನಿಧಾನ. ಎದುರಿಗಿರೋರ ಮುಖ ನೋಡಿದ್ರೆ ತಪ್ಪುತ್ತೆ."

ಭಾವ ಕುರ್ಚಿಯಲ್ಲಿ ಕುಲುಕಿ ಕುಲುಕಿ ನಕ್ಕರು. "ನೋಡಿದ್ರಾ! ಕೂಡೋಕೆ ಬರದೋನು! ಊರಿಗೆಲ್ಲ ಮಂಕುಬೂದಿ!"

ಸ್ಕೇಲಿನ ಗುಟ್ಟು ಬಿಟ್ಟುಕೊಟ್ಟದ್ದು ನೆನಪಾಗಿ ಲೆಕ್ಕಾಧಿಕಾರಿಯ ಮುಖ ಕೆಂಪಾಯಿತು. ಮೇಡಂ ಹಿಂದಕ್ಕೆ ಒರಗಿದರು. ನಾಡಿ ಇಲ್ಲದ ಮೇಲೆ ಇವನು ಯಾರು? ಒಂದು ಶಟರಿನ ಅಂಗಡಿಯವನು. "ಹಾಗಾದ್ರೆ ರೇಟು ಇಳಿಸಿ" ಎಂದರು, ಅಧಿಕಾರಿಯ ದನಿಯಲ್ಲಿ. "ಎಷ್ಟಕ್ಕೆ ಮಾಡ್ತೀರಾ?"

ಈಗ ಅವನ ಕಣ್ಣು ತೆರೆದಿತ್ತು. ಎದುರಿಗೆ ಒಂದಲ್ಲ, ಮೂರು ಮುಖ. ಅವನ ತುಟಿ ಅಲುಗಿತು. ನನಗೆ ಆ ತುಟಿ ಗೊತ್ತು, ಅವನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ. ಅದು 'ನೀ' ಎಂಬ ಆಕಾರಕ್ಕೆ ಬರುತ್ತಿತ್ತು. ಅಂಗಡಿ ಹೋಯಿತು ಎಂದುಕೊಂಡೆ. ಕೆಮ್ಮೋಣವೆಂದರೆ ಗಂಟಲಿನಲ್ಲಿ ಕೆಮ್ಮೂ ಇರಲಿಲ್ಲ.

"ನೀವು ಕೇಳೋದು ಸರಿ ಮೇಡಂ" ಎಂದ ತಮ್ಮ. "ಆದ್ರೆ ಇಳಿಸೋಕಾಗಲ್ಲ. ಇದರಲ್ಲಿ ಸಾಮಾನಿದೆ, ಗ್ಯಾಸಿದೆ, ಪೈಪಿದೆ. ನೀವು ವರ್ಷದಲ್ಲಿ ಎಷ್ಟು ಸಲ ಕರೆದ್ರೂ ನಾನು ಬರೋದು ಇದರಲ್ಲೇ ಇದೆ. ನನ್ನ ಕೂಲಿ ಇದೆ. ಆಮೇಲೆ ಲಾಭಾನೂ ಇದೆ, ಅದನ್ನ ಯಾಕೆ ಮುಚ್ಚಿಡ್ಲಿ? ಆ ಲಾಭ ಇಲ್ಲದಿದ್ರೆ ಮುಂದಿನ ವರ್ಷ ನನ್ನ ಅಂಗಡಿ ಇರಲ್ಲ. ಮಷೀನು ಕೆಟ್ಟಾಗ ನೀವು ಫೋನ್ ಮಾಡ್ತೀರಾ, ಎತ್ತೋಕೆ ನಮ್ಮಕ್ಕ ಇರಲ್ಲ. ಇದನ್ನ ಕೂಡೋಕೆ ನನಗೆ ಇಷ್ಟು ಹೊತ್ತಾಯ್ತು ಮೇಡಂ. ಇನ್ನೊಂದು ಸಲ ಕೂಡಿದ್ರೂ ಇಷ್ಟೇ ಬರುತ್ತೆ."

"ಎಷ್ಟು ಅಂದ್ರಿ?" ಎಂದು ಲೆಕ್ಕಾಧಿಕಾರಿ ಸಟಕ್ಕನೆ ಕೇಳಿದರು.

ತಮ್ಮ ಅದೇ ಅಂಕಿ ಹೇಳಿದ.

"ಎಷ್ಟು?"

ಮತ್ತೂ ಅದೇ. ಅವರ ಮುಖವನ್ನು ನೇರವಾಗಿ ನೋಡುತ್ತಾ ಹೇಳಿದ. ಧ್ವನಿಯೂ ಏರಲಿಲ್ಲ, ಅಂಕಿಯೂ ಇಳಿಯಲಿಲ್ಲ.

ಲೆಕ್ಕಾಧಿಕಾರಿ ಮೇಡಂ ಕಡೆ ತಿರುಗಿದರು. "ಇಷ್ಟು ವರ್ಷದ ಸರ್ವಿಸಿನಲ್ಲಿ ಮೂರು ಸಲ ಕೇಳಿದ್ರೂ ಒಂದೇ ರೇಟು ಹೇಳಿದೋರನ್ನ ನಾನು ನೋಡಿಲ್ಲ ಮೇಡಂ. ಆ ಇನ್ನೊಂದು ರೇಟಿಗೆ ಗ್ಯಾಸು, ಪೈಪು, ಓಡಾಟ ಸೇರಿಸಿದ್ರೆ ಇದಕ್ಕಿಂತ ಜಾಸ್ತಿನೇ ಆಗುತ್ತೆ."

ಮೇಡಂ ಭಾವನನ್ನೊಮ್ಮೆ ನೋಡಿದರು, ಗುರುಗುಡುವ ಎಸಿಯನ್ನೊಮ್ಮೆ ನೋಡಿದರು. "ನಾಡಿ ನೋಡೋರು ಸಿಕ್ಕಿದ್ರೆ ಚೆನ್ನಾಗಿತ್ತು" ಎಂದು ನಿಟ್ಟುಸಿರು ಬಿಟ್ಟರು. "ಇರಲಿ. ಸುಳ್ಳು ಹೇಳದೆ ಇರೋರು ಸಿಕ್ಕಿದಾರೆ." ಸಹಿ ಹಾಕಿದರು.

ಭಾವ ಇಂಗು ತಿಂದ ಮಂಗನಂತೆ ಎದ್ದರು. ಮನುಷ್ಯ ಕೆಟ್ಟವರಲ್ಲ. ಬಾಗಿಲ ಹತ್ತಿರ ನಿಂತು, "ಅಲ್ಲಯ್ಯಾ, ನೀನು ಒಂದೊಂದು ಬೆರಳು ಮಡಿಸಿದ್ದು ಯಾವ್ಯಾವುದಕ್ಕೆ?" ಎಂದು ತಮ್ಮನನ್ನು ಕೇಳಿದರು. ತಮ್ಮ ಹೇಳಿಕೊಡಲು ಬಾಯಿ ತೆರೆದ. ನಾನು ತೋಳು ಹಿಡಿದು ಎಳೆದುಕೊಂಡು ಬಂದೆ. ಮರುದಿನ ತಮ್ಮನ ಹೆಂಡತಿ ನೀಲಿ ಷರ್ಟನ್ನು ಒಗೆದು, ಇಸ್ತ್ರಿ ಮಾಡಿ, ಟೋಪಿಯ ಸಮೇತ ಅಣ್ಣನಿಗೆ ತಲುಪಿಸಿದಳು. ಅಂಗಡಿಯ ಕರಾರು ಹೊಸದಾಯಿತು. ಏರಿಸಿದ ಬಾಡಿಗೆಯನ್ನು ಓನರಿಗೆ ಕೊಡುವಾಗ ತಮ್ಮ ಎದೆ ಸೆಟೆಸಿ ನಿಂತಿದ್ದ. ಬಾಡಿಗೆ ಕೊಡುವುದರಲ್ಲಿ ಅಷ್ಟು ಹೆಮ್ಮೆ ಪಟ್ಟವರನ್ನು ಓನರು ಅದೇ ಮೊದಲು ಕಂಡದ್ದಂತೆ.

ಇದಾದ ಕೆಲವು ದಿನಕ್ಕೆ ನನ್ನ ಬಚ್ಚಲಿನ ಗೀಸರು ಕೈಕೊಟ್ಟಿತು. ತಮ್ಮ ಬಂದ, ಬಿಚ್ಚಿದ, ಸುಟ್ಟುಹೋಗಿದ್ದ ಕಾಯಿಲು ತೆಗೆದು ಹೊಸದು ಹಾಕಿದ. ನೀರು ಹಬೆಯಾಡುತ್ತಾ ಬಂತು. ಮೂವತ್ತು ವರ್ಷ ದುಡ್ಡಿನ ಮಾತೇ ಆಡಿದ ಬಾಯಲ್ಲವೇ, ಸುಮ್ಮನೆ ಲೋಕಾರೂಢಿಗೆ ಕೇಳಿದೆ. "ಎಷ್ಟಾಯ್ತೋ?"

ಅವನು ಕೈ ಒರೆಸಿಕೊಂಡ. ಗೋಡೆ ಕಡೆ ತಿರುಗಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ನನ್ನ ಮುಖ ನೋಡಿ ರೇಟು ಹೇಳಿದ.

"ಏನು? ನಾನು ನಿನ್ನ ಅಕ್ಕ ಕಣೋ!"

"ಗೊತ್ತಕ್ಕಾ. ಅದಕ್ಕೇ ಓಡಾಟ ಹಾಕಿಲ್ಲ."

"ಕಾಯಿಲಿಗೆ ಅಷ್ಟೊಂದಾ? ಇದರಲ್ಲಿ ಲಾಭ ಎಷ್ಟಿಟ್ಟೆ?"

"ಎಲ್ರಿಗೂ ಇಡೋಷ್ಟೇ."

"ಸ್ವಲ್ಪ ಬಿಡೋ."

ಜನ್ಮದಲ್ಲಿ ಯಾರಿಗೂ ಒಂದು ಪೈಸೆ ಬಿಡದ ನಾನು ಚೌಕಾಸಿಗೆ ಇಳಿದಿದ್ದೆ. ಬೈದೆ, ಎತ್ತಿ ಆಡಿಸಿದ್ದನ್ನು ನೆನಪಿಸಿದೆ, ಕಣ್ಣಲ್ಲಿ ನೀರು ತರಿಸಿಕೊಳ್ಳಲೂ ನೋಡಿದೆ. ಅವನು ಚೀಲ ಹೆಗಲಿಗೆ ಹಾಕಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು, ಬಾಗಿಲಲ್ಲಿ ನಿಂತೇ ಇದ್ದ. ಕೊನೆಗೆ ಕೊಟ್ಟೆ. ಪೂರ್ತಿ ಕೊಟ್ಟೆ. ಅವನು ಎಣಿಸಿ ಜೇಬಿಗೆ ಹಾಕಿಕೊಂಡು ಹೋದ.

ಅವನು ಬೀದಿ ತಿರುಗುವ ತನಕ ಕಾದಿದ್ದು, ಸೀದಾ ಪಕ್ಕದ ಮನೆಗೆ ಹೋದೆ. ತೆರಿಗೆ ಸಾಹೇಬರು ಜಗಲಿಯಲ್ಲೇ ಇದ್ದರು. "ಸ್ವಂತ ಅಕ್ಕನ ಹತ್ರ ಎಷ್ಟು ತಗೊಂಡ ಗೊತ್ತಾ ನಮ್ಮ ತಮ್ಮ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ರೇಟು ಹೇಳಿದೆ. ಹೇಳುವಾಗ ನನ್ನ ಕಡೆಯಿಂದ ಇನ್ನೊಂದಿಷ್ಟು ಸೇರಿಸಿಯೇ ಹೇಳಿದೆ.